ಧಣಿ ಹೋದ, ಮ್ಯಾನೇಜರ್ ಬಂದ, ನಡುವೆ ಕಳೆದುಹೋದದ್ದೇನು?

ಕೆಲವು ವರ್ಷಗಳಿಂದ ದೇಶದಲ್ಲಿ ದುಡಿಮೆಯ ಕುರಿತ ಚರ್ಚೆಯೆಲ್ಲ ಗಡಿಯಾರದ ಮುಳ್ಳಿನ ಸುತ್ತಲೇ ತಿರುಗುತ್ತಿದೆ. ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದು ಇನ್ಫೋಸಿಸ್ ಸ್ಥಾಪಕರಲ್ಲೊಬ್ಬರಾದ ಎನ್.ಆರ್. ನಾರಾಯಣಮೂರ್ತಿ 2023ರ ಅಕ್ಟೋಬರ್‌ನಲ್ಲಿ ಹೇಳಿದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ ಅವರ ಮಾತಿನಿಂದ ಅದು 90ಕ್ಕೇರಿತು. ಇವೆರಡರ ನಡುವೆ, 2024ರ ಜುಲೈನಲ್ಲಿ, ಕರ್ನಾಟಕದ ಐಟಿ ಉದ್ದಿಮೆಯಲ್ಲಿ ದಿನದ ಕೆಲಸದ ಅವಧಿಯನ್ನು ವಿಸ್ತರಿಸುವ ಪ್ರಸ್ತಾವ ಬಂದು, ನೌಕರರ ಸಂಘಟನೆಯ ತೀವ್ರ ವಿರೋಧವನ್ನು ಎದುರಿಸಿತು. 2025ರ ನವೆಂಬರ್ 21ರಂದು 29 ಹಳೆಯ ಕಾರ್ಮಿಕ ಕಾನೂನುಗಳನ್ನು ಒಳಗೊಂಡ ನಾಲ್ಕು ಸಂಹಿತೆಗಳನ್ನು ಕೇಂದ್ರ ಸರಕಾರ ಜಾರಿಗೆ ತಂದಾಗಲೂ ಹೆಚ್ಚು ಸದ್ದು ಮಾಡಿದ್ದು ಗಂಟೆ ಮತ್ತು ಸಂಬಳದ ಲೆಕ್ಕವೇ.

ಲೆಕ್ಕ ಬೇಕು, ನಿಜ. ಆದರೆ ಎಷ್ಟು ಹೊತ್ತು ದುಡಿಯಬೇಕು ಎಂದು ಇಷ್ಟೆಲ್ಲ ಕೇಳುವ ನಾವು, ಯಾರ ಕೈಕೆಳಗೆ ದುಡಿಯುತ್ತಿದ್ದೇವೆ, ಆ ವ್ಯಕ್ತಿಗೆ ನಮ್ಮ ಗುರುತಿದೆಯೇ, ನಮ್ಮ ಕಷ್ಟವನ್ನು ಹೇಳಿಕೊಂಡರೆ ಅದು ಅವರ ಕಿವಿಗೆ ಬೀಳುತ್ತದೆಯೇ ಎಂದು ಕೇಳುವುದಿಲ್ಲ. ಒಂದು ಕೆಲಸದ ತಾಣ ಉಳಿಯುವುದೋ ಕೆಡುವುದೋ ಎಂಬುದು ಬಹಳಷ್ಟು ಸಲ ಈ ಪ್ರಶ್ನೆಯಿಂದಲೇ ನಿರ್ಧಾರವಾಗುತ್ತದೆ.

ಈ ವಿಷಯವನ್ನು ಬೆಂಗಳೂರಿನ ಗಾಜಿನ ಕಟ್ಟಡಗಳ ಎದುರು ನಿಂತು ನೋಡುವುದು ರೂಢಿ. ಬಂಟ್ವಾಳ ತಾಲೂಕಿನ ಮಾಣಿಯಲ್ಲಿ ನಿಂತು ನೋಡಿದರೆ ಚಿತ್ರ ಇನ್ನಷ್ಟು ಪೂರ್ಣವಾಗುತ್ತದೆ. ಮಂಗಳೂರಿನಿಂದ ಬರುವ ಹೆದ್ದಾರಿ ಇಲ್ಲಿ ಕವಲೊಡೆಯುತ್ತದೆ. ಒಂದು ದಾರಿ ಉಪ್ಪಿನಂಗಡಿ, ಶಿರಾಡಿ ಘಾಟಿಯ ಮೂಲಕ ಬೆಂಗಳೂರಿಗೆ. ಇನ್ನೊಂದು ಪುತ್ತೂರು, ಸುಳ್ಯ, ಮಡಿಕೇರಿ ದಾಟಿ ಮೈಸೂರಿಗೆ. ಈ ಕವಲಿನ ಸುತ್ತಮುತ್ತಲ ಊರುಗಳಲ್ಲಿ ಅಡಿಕೆ ತೋಟಗಳಿವೆ, ಬೀಡಿ ಕಟ್ಟುವ ಮನೆಗಳಿವೆ, ಸಹಕಾರಿ ಸಂಘಗಳಿವೆ, ಬ್ಯಾಂಕ್ ಶಾಖೆಗಳಿವೆ. ಬೆಳಗಿನ ಬಸ್ಸಿಗೆ ಮಂಗಳೂರಿನ ಕಚೇರಿಗಳಿಗೆ, ರಾತ್ರಿ ಬಸ್ಸಿಗೆ ಬೆಂಗಳೂರಿನ ಕಂಪನಿಗಳಿಗೆ ಹೋಗುವ ತರುಣರಿದ್ದಾರೆ. ಕಳೆದ ನೂರು ವರ್ಷಗಳಲ್ಲಿ ಕನ್ನಡ ನಾಡು ಕಂಡ ದುಡಿಸುವವರ ಮತ್ತು ದುಡಿಯುವವರ ಸಂಬಂಧದ ಬಹುತೇಕ ಎಲ್ಲ ಬಗೆಗಳೂ ಈ ಸೀಮೆಯಲ್ಲಿ ಒಂದರ ಮೇಲೊಂದು ಪದರವಾಗಿ ಕುಳಿತಿವೆ.

ಹತ್ತಿರವಿದ್ದ ಧಣಿ

ಹಳೆಯ ಪದರ ಧಣಿ ಮತ್ತು ಒಕ್ಕಲಿನದು. ಧಣಿಗೆ ಒಕ್ಕಲಿನ ಮನೆಯ ಪ್ರತಿಯೊಬ್ಬರ ಹೆಸರೂ ಗೊತ್ತಿತ್ತು. ಯಾರ ಮನೆಯಲ್ಲಿ ಮದುವೆ, ಯಾರಿಗೆ ಜ್ವರ, ಯಾರ ಕೊಟ್ಟಿಗೆಯಲ್ಲಿ ಎಷ್ಟು ದನ ಎಂಬುದೆಲ್ಲ ತಿಳಿದಿತ್ತು. ಸಾವಿನ ಮನೆಗೆ ಧಣಿ ಬಂದು ಹೋಗುತ್ತಿದ್ದ. ಆಟಿ ತಿಂಗಳ ಹಸಿವಿಗೆ ಅಕ್ಕಿಯೂ ಸಿಗುತ್ತಿತ್ತು. ಮಾನವೀಯ ಸಂಬಂಧ ಎಂದು ಇಂದಿನ ಆಡಳಿತ ತರಬೇತಿಗಳಲ್ಲಿ ಹೇಳಿಕೊಡುವ ಎಷ್ಟೋ ಸಂಗತಿಗಳು ಅಲ್ಲಿದ್ದವು.

ಇಲ್ಲದಿದ್ದದ್ದು ಹಕ್ಕು. ಮೂಲಗೇಣಿದಾರನಿಗೆ ಸ್ವಲ್ಪಮಟ್ಟಿನ ಭದ್ರತೆಯಿದ್ದರೂ ಚಾಲಗೇಣಿಯವನನ್ನು ಧಣಿಯ ಮುನಿಸೊಂದೇ ಎಬ್ಬಿಸಿಬಿಡಬಲ್ಲದಾಗಿತ್ತು. ಕೊಟ್ಟ ಗೇಣಿಗೆ ರಸೀದಿ ಕೇಳುವುದು ಅವಿಧೇಯತೆಯಾಗಿ ಕಾಣುತ್ತಿತ್ತು. ಜಾತಿಯ ಅಂತರ ಅಂಗಳದ ಆಚೆಗೇ ಕೆಲವರನ್ನು ನಿಲ್ಲಿಸುತ್ತಿತ್ತು. ಕರ್ನಾಟಕದ ಭೂಸುಧಾರಣಾ ತಿದ್ದುಪಡಿ ಕಾನೂನು 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಉಳುವವನು ಡಿಕ್ಲರೇಷನ್ ಸಲ್ಲಿಸಿ ಭೂಮಿಯ ಒಡೆಯನಾಗುವ ಅವಕಾಶ ದೊರೆತಾಗ ಈ ಸಂಬಂಧದ ನಿಜರೂಪ ಹೊರಬಿತ್ತು. ಅನ್ನ ಕೊಟ್ಟ ಧಣಿಯ ವಿರುದ್ಧ ಅರ್ಜಿ ಹಾಕುವುದು ಹೇಗೆ ಎಂಬ ದಾಕ್ಷಿಣ್ಯದಲ್ಲಿ ಹಿಂಜರಿದವರಿದ್ದರು. ಹೆದರಿಕೆಯಿಂದ ಹಿಂಜರಿದವರೂ ಇದ್ದರು. ಆದರೂ ಭೂಸುಧಾರಣೆ ಹೆಚ್ಚು ಫಲ ಕೊಟ್ಟ ಜಿಲ್ಲೆಗಳ ಸಾಲಿನಲ್ಲಿ ಅವಿಭಜಿತ ದಕ್ಷಿಣ ಕನ್ನಡ ನಿಂತಿತು.

ಕೆಲಸದ ತಾಣದಲ್ಲಿ ಆಪ್ತತೆ ಬೇಕು ಎನ್ನುವ ಯಾರೂ ಈ ಚರಿತ್ರೆಯನ್ನು ಮರೆಯುವಂತಿಲ್ಲ. ಹಕ್ಕಿಲ್ಲದ ಆಪ್ತತೆ ಧಣಿಯ ಕೃಪೆಯಾಗುತ್ತದೆ. ‘ನಾವೆಲ್ಲ ಒಂದೇ ಕುಟುಂಬ’ ಎನ್ನುತ್ತ ರಜೆ ಕೇಳಿದವರನ್ನು ಕೃತಘ್ನರೆಂದು ನೋಡುವ ಇಂದಿನ ಕೆಲವು ಕಚೇರಿಗಳು ಹವಾನಿಯಂತ್ರಿತ ಕೊಠಡಿಗಳಲ್ಲಿ ಅದೇ ಹಳೆಯ ಧಣಿತನವನ್ನು ನಡೆಸುತ್ತಿವೆ.

ಮುಖ ಕಾಣದ ಮಾಲೀಕ

ಎರಡನೆಯ ಪದರ ಬೀಡಿಯದು. ಬಂಟ್ವಾಳ, ಬೆಳ್ತಂಗಡಿ ತಾಲೂಕುಗಳ ಸಾವಿರಾರು ಹೆಂಗಸರು ಮನೆಯ ಜಗಲಿಯಲ್ಲೇ ಕುಳಿತು ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ್ದಾರೆ. ಎಲೆ ಮತ್ತು ತಂಬಾಕು ಕೊಡುವುದು, ಕಟ್ಟಿದ ಬೀಡಿಯನ್ನು ಎಣಿಸಿ ತೆಗೆದುಕೊಳ್ಳುವುದು ಊರಿನ ಬೀಡಿ ಬ್ರಾಂಚಿನ ಗುತ್ತಿಗೆದಾರ. ಬ್ರಾಂಡಿನ ಮಾಲೀಕ ಮಂಗಳೂರಿನಲ್ಲಿ. ಕಾರ್ಮಿಕಳಿಗೂ ಆತನಿಗೂ ಮುಖಪರಿಚಯವಿಲ್ಲ. ಎಲೆ ಕಳಪೆಯಾಗಿದ್ದರೆ, ತೂಕ ಕಡಿಮೆಯಾದರೆ, ಕಟ್ಟಿದ ಬೀಡಿಯಲ್ಲಿ ಒಂದಷ್ಟನ್ನು ಕಳಪೆಯೆಂದು ತಳ್ಳಿಹಾಕಿದರೆ ಯಾರನ್ನು ಕೇಳಬೇಕು? ಗುತ್ತಿಗೆದಾರ ಕಂಪನಿಯತ್ತ ಕೈತೋರಿಸಿದರೆ ಕಂಪನಿ ಗುತ್ತಿಗೆದಾರನತ್ತ ಕೈತೋರಿಸುತ್ತದೆ.

ಈ ತೊಡಕನ್ನು ಬಲ್ಲವರೇ 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾನೂನನ್ನು ಬರೆದಿದ್ದರು. ಮನೆಯಲ್ಲಿ ಕುಳಿತು ಕಟ್ಟುವವರನ್ನೂ ಅದು ಕಾರ್ಮಿಕರೆಂದು ಗಣಿಸಿತು. ಎಲೆ-ತಂಬಾಕಿನ ವಿತರಣೆ, ಬೀಡಿಯ ತಿರಸ್ಕಾರ, ತಿರಸ್ಕರಿಸಿದ ಬೀಡಿಯ ಮಜೂರಿ ಇವುಗಳ ವಿವಾದಗಳನ್ನು ಇತ್ಯರ್ಥಪಡಿಸಲು ಪ್ರತ್ಯೇಕ ಅವಕಾಶ ಕಲ್ಪಿಸಿತು. 1976ರಲ್ಲಿ ಕಲ್ಯಾಣ ನಿಧಿಯ ಕಾನೂನು ಬಂತು. ಆ ಬಳಿಕ ಭವಿಷ್ಯನಿಧಿಯೂ ದೊರೆಯಿತು. ಸಂಘಟನೆಯ ಹೋರಾಟವಿಲ್ಲದೆ ಇವು ಯಾವುವೂ ಜಗಲಿಯವರೆಗೆ ತಲುಪಲಿಲ್ಲ. ಹತ್ತಿರದ ಧಣಿಯಿಂದ ಬಿಡಿಸಿಕೊಂಡವರಿಗೆ ದೂರದ ಮಾಲೀಕನಿಂದಲೂ ನ್ಯಾಯ ತಾನಾಗಿ ಸಿಗಲಿಲ್ಲ ಎಂಬುದು ಇದರ ಪಾಠ.

ಬಾಗಿಲಿಗೆ ಬಂದ ಬ್ಯಾಂಕು

ಹತ್ತಿರವೂ ಇದ್ದು, ಲೆಕ್ಕವನ್ನೂ ಇಟ್ಟು, ಬೆಳೆದೂ ತೋರಿಸಿದ ಒಂದು ಮಾದರಿ ಈ ಜಿಲ್ಲೆಯಲ್ಲೇ ಹುಟ್ಟಿತ್ತು. ಬಂಟ್ವಾಳ ಸೀಮೆಯ ಊರೊಂದರ ಹೆಸರನ್ನು ತಮ್ಮ ಹೆಸರಿನಲ್ಲೇ ಹೊತ್ತಿದ್ದ ಅಮ್ಮೆಂಬಳ ಸುಬ್ಬರಾವ್ ಪೈ 1906ರಲ್ಲಿ ಮಂಗಳೂರಿನಲ್ಲಿ ಕಟ್ಟಿದ ಸಂಸ್ಥೆ ಇಂದಿನ ಕೆನರಾ ಬ್ಯಾಂಕ್. ಬ್ಯಾಂಕು ಸಮಾಜದ ಹಣಕಾಸಿನ ಹೃದಯವಾಗುವುದರ ಜತೆಗೆ ಸಾಮಾಜಿಕ ಹೃದಯವೂ ಆಗಬೇಕು, ಸಹಮಾನವರ ಬಗ್ಗೆ ಕಾಳಜಿ ಬೆಳೆಸಬೇಕು ಎಂಬ ಆಶಯ ಅದರ ಸ್ಥಾಪನಾ ತತ್ತ್ವಗಳಲ್ಲಿದೆ. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ನೇತೃತ್ವದಲ್ಲಿ ಕಾರ್ಪೊರೇಶನ್ ಬ್ಯಾಂಕಿನ ಮೂಲಸಂಸ್ಥೆ ಆರಂಭವಾಯಿತು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆ, 1931ರಲ್ಲಿ ಎ.ಬಿ. ಶೆಟ್ಟರ ವಿಜಯಾ ಬ್ಯಾಂಕ್ ಬಂದವು. ಇಷ್ಟು ಚಿಕ್ಕ ಕರಾವಳಿಯಲ್ಲಿ ಐದು ದೊಡ್ಡ ಬ್ಯಾಂಕುಗಳು!

ಡಾ. ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಈ ಮೂವರು ಎಂಟು ಸಾವಿರ ರೂಪಾಯಿ ಬಂಡವಾಳದಲ್ಲಿ ಆರಂಭಿಸಿದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿಯನ್ನು ತಂದಿತು. ದಿನಕ್ಕೆ ಎರಡಾಣೆ ಉಳಿಸಬಲ್ಲ ಬಡವನ ಬಾಗಿಲಿಗೆ ಬ್ಯಾಂಕಿನ ಪ್ರತಿನಿಧಿ ದಿನವೂ ಹೋಗುತ್ತಿದ್ದ. ಆತನ ಕೈಯ ಪುಸ್ತಕದಲ್ಲಿ ಹಣದ ಲೆಕ್ಕವಿತ್ತು. ತಲೆಯಲ್ಲಿ ಇನ್ನೊಂದು ಲೆಕ್ಕವಿತ್ತು: ಯಾರ ಅಂಗಡಿಯಲ್ಲಿ ವ್ಯಾಪಾರ ಕುಸಿದಿದೆ, ಯಾರ ಮಗಳ ಮದುವೆ ಹತ್ತಿರ ಬಂದಿದೆ, ಯಾರು ಸಾಲಕ್ಕೆ ಅರ್ಹರು. ಈ ತಿಳಿವಳಿಕೆ ಶಾಖೆಯ ಮ್ಯಾನೇಜರಿಗೆ ದಿನದಿನವೂ ತಲುಪುತ್ತಿತ್ತು. ಆ ಕಾಲದ ಬ್ಯಾಂಕುಗಳಲ್ಲಿ ಜಾತಿ, ನೆಂಟಸ್ತಿಕೆಯ ಪ್ರಭಾವವಿರಲಿಲ್ಲವೆಂದು ಹೇಳಲಾಗದು. ಆದರೆ ಕೆಳಗಿನ ಸಿಬ್ಬಂದಿಯ ಕಣ್ಣಿಗೆ ಬಿದ್ದದ್ದು ಮೇಲಿನವರಿಗೆ ತಿಳಿಯುವ ದಾರಿ ತೆರೆದಿತ್ತು.

ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳು 1969ರಲ್ಲಿ, ಕಾರ್ಪೊರೇಶನ್ ಮತ್ತು ವಿಜಯಾ ಬ್ಯಾಂಕುಗಳು 1980ರಲ್ಲಿ ರಾಷ್ಟ್ರೀಕರಣಗೊಂಡವು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬರೋಡಾ ಬ್ಯಾಂಕಿನಲ್ಲಿ ಲೀನವಾಯಿತು. ಸರಿಯಾಗಿ ಒಂದು ವರ್ಷದ ಬಳಿಕ, 2020ರ ಏಪ್ರಿಲ್ 1ರಂದು, ಸಿಂಡಿಕೇಟ್ ಬ್ಯಾಂಕ್ ಕೆನರಾದೊಳಗೂ, ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನೊಳಗೂ ಸೇರಿದವು. ಐದರಲ್ಲಿ ಎರಡು ಹೆಸರು ಮಾತ್ರ ಉಳಿದಿವೆ.

ವಿಲೀನದ ಆರ್ಥಿಕ ಕಾರಣಗಳ ಚರ್ಚೆ ಬೇರೆ. ಶಾಖೆಯೊಳಗಿನ ಬದಲಾವಣೆ ನಮ್ಮ ವಿಷಯ. ನಿರ್ಧಾರ ಮಾಡುವವರು ದೂರ ಸರಿದಿದ್ದಾರೆ. ಮ್ಯಾನೇಜರ್ ಎರಡು-ಮೂರು ವರ್ಷಕ್ಕೆ ವರ್ಗವಾಗಿ ಹೋಗುತ್ತಾರೆ. ಬರುವವರಿಗೆ ತುಳುವಿನ ಮಾತಿರಲಿ, ಕನ್ನಡವೂ ಬಾರದ ಉದಾಹರಣೆಗಳಿವೆ. ಬೆಂಗಳೂರಿನ ಹೊರವಲಯದ ಆನೇಕಲ್ ತಾಲೂಕಿನ ಸ್ಟೇಟ್ ಬ್ಯಾಂಕ್ ಶಾಖೆಯೊಂದರಲ್ಲಿ ತಾನು ಕನ್ನಡ ಮಾತನಾಡುವುದೇ ಇಲ್ಲ ಎಂದು ಮ್ಯಾನೇಜರ್ ಗ್ರಾಹಕರೊಂದಿಗೆ ವಾದಿಸಿದ ದೃಶ್ಯ 2025ರ ಮೇ ತಿಂಗಳಲ್ಲಿ ರಾಜ್ಯವ್ಯಾಪಿ ಆಕ್ರೋಶಕ್ಕೆ ಕಾರಣವಾಯಿತು. ಮುಖ್ಯಮಂತ್ರಿಯೇ ಖಂಡಿಸಿದರು, ಮ್ಯಾನೇಜರಿಗೆ ವರ್ಗವಾಯಿತು. ಅದನ್ನು ಭಾಷಾಭಿಮಾನದ ಪ್ರಶ್ನೆಯಾಗಿ ಮಾತ್ರ ಕಂಡೆವು. ಗ್ರಾಹಕನ ಮಾತು ತಿಳಿಯದ ಮುಖ್ಯಸ್ಥರು ಅದೇ ಊರಿನ ಗುಮಾಸ್ತ, ಜವಾನ, ಪಿಗ್ಮಿ ಸಂಗ್ರಾಹಕರ ಮಾತನ್ನು ಹೇಗೆ ಕೇಳಿಸಿಕೊಂಡಾರು ಎಂಬ ಪ್ರಶ್ನೆ ಚರ್ಚೆಗೆ ಬರಲಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ಆ ಮ್ಯಾನೇಜರುಗಳೂ ಸುಖದಲ್ಲಿಲ್ಲ. ಅಪರಿಚಿತ ಊರು, ಅರಿಯದ ಭಾಷೆ, ಸಂಜೆಯ ವಿಡಿಯೊ ಸಭೆಯಲ್ಲಿ ಮೇಲಧಿಕಾರಿಯ ಬೈಗುಳ, ವಿಮೆ ಮಾರಾಟದ ಗುರಿ, ರಜಾದಿನದಲ್ಲೂ ನಿಲ್ಲದ ವಾಟ್ಸಾಪ್ ಸಂದೇಶ. ಕುಟುಂಬಕ್ಕಿಂತ ಕೆಲಸ ಮುಖ್ಯವಾಗಬೇಕು, ರಜಾದಿನಗಳಲ್ಲೂ ಗುರಿ ಮುಟ್ಟಬೇಕು ಎಂದು ಅಧಿಕಾರಿಯೊಬ್ಬರು ಸಹೋದ್ಯೋಗಿಗಳನ್ನು ಗದರಿಸುವ ವಿಡಿಯೊ 2024ರ ಮೇ ತಿಂಗಳಲ್ಲಿ ಹರಿದಾಡಿತು. ಅವರು ಕೆನರಾ ಬ್ಯಾಂಕಿನ ಅಧಿಕಾರಿ. ಅಂಥ ನಡವಳಿಕೆಯನ್ನು ತಾನು ಒಪ್ಪುವುದಿಲ್ಲವೆಂದು ಬ್ಯಾಂಕು ಪ್ರಕಟಿಸಿತು. ಸಹಮಾನವರ ಬಗ್ಗೆ ಕಾಳಜಿ ಎಂಬ ಸ್ಥಾಪಕರ ಮಾತು ಗೋಡೆಯ ಮೇಲಿದ್ದರೆ ಸಾಲದು, ಸಂಜೆಯ ವಿಡಿಯೊ ಸಭೆಯಲ್ಲಿಯೂ ಅದು ಇರಬೇಕು ಎಂಬುದನ್ನು ಈ ಘಟನೆ ನೆನಪಿಸಿತು.

ಸದ್ದು ಕೇಳದ ಕಚೇರಿ

ಸಂಬಂಧ ಕಡಿದುಹೋದರೆ ಏನಾಗುತ್ತದೆ ಎಂಬುದನ್ನು ತಿಳಿಯಲು ಕೋಲಾರ ಜಿಲ್ಲೆಯ ನರಸಾಪುರಕ್ಕೆ ಹೋಗಬೇಕು. 2020ರ ಡಿಸೆಂಬರ್ 12ರ ಮುಂಜಾನೆ ಅಲ್ಲಿನ ವಿಸ್ಟ್ರಾನ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿದ ಕಾರ್ಮಿಕರು ರೊಚ್ಚಿಗೆದ್ದು ಗಾಜು ಒಡೆದರು, ವಾಹನಗಳನ್ನು ಉರುಳಿಸಿದರು. ಐಫೋನ್ ತಯಾರಿಸುವ ಆಧುನಿಕ ಘಟಕವದು. ಹಿಂಸೆಗೆ ಸಮರ್ಥನೆಯಿಲ್ಲ, ನೂರಕ್ಕೂ ಹೆಚ್ಚು ಜನರ ಬಂಧನವೂ ಆಯಿತು. ಆದರೆ ಅನಂತರದ ತನಿಖೆಗಳು ತೋರಿಸಿದ್ದೇನು? ಅಲ್ಪಕಾಲದಲ್ಲಿ ಕಾರ್ಮಿಕರ ಸಂಖ್ಯೆ ಹತ್ತು ಸಾವಿರ ದಾಟಿತ್ತು. ಬಹುಪಾಲು ಮಂದಿ ಗುತ್ತಿಗೆ ಸಂಸ್ಥೆಗಳ ಮೂಲಕ ಬಂದವರು. ಪಾಳಿಯನ್ನು 12 ಗಂಟೆಗೆ ಏರಿಸಲಾಗಿತ್ತು. ಹಾಜರಿ ದಾಖಲೆಯ ವ್ಯವಸ್ಥೆ ಕೆಟ್ಟಿದ್ದರಿಂದ ದುಡಿದ ಗಂಟೆಗೂ ಕೈಗೆ ಬಂದ ಸಂಬಳಕ್ಕೂ ತಾಳೆಯಿರಲಿಲ್ಲ. ಹೆಚ್ಚಿದ ಸಿಬ್ಬಂದಿಗೆ ತಕ್ಕಂತೆ ಮಾನವ ಸಂಪನ್ಮೂಲ ವಿಭಾಗ ಬೆಳೆದಿರಲಿಲ್ಲ ಎಂದು ರಾಜ್ಯದ ಕಾರ್ಖಾನೆಗಳ ಇಲಾಖೆ ಹೇಳಿತು. ಒಂದು ವಾರದೊಳಗೆ ಆ್ಯಪಲ್ ಸಂಸ್ಥೆ ವಿಸ್ಟ್ರಾನನ್ನು ನಿಗಾದಲ್ಲಿರಿಸಿ, ಹೊಸ ಕೆಲಸ ಕೊಡುವುದನ್ನು ನಿಲ್ಲಿಸಿತು. ವಿಸ್ಟ್ರಾನ್ ಕಾರ್ಮಿಕರ ಕ್ಷಮೆ ಕೇಳಿ, ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ತೆಗೆದುಹಾಕಿತು. 2023ರಲ್ಲಿ ಆ ಘಟಕ ಟಾಟಾ ಸಮೂಹದ ಪಾಲಾಯಿತು.

ಸಂಬಳದ ಲೆಕ್ಕ ತಪ್ಪುವುದು ದೊಡ್ಡ ಉದ್ದಿಮೆಯಲ್ಲಿ ಅಪರೂಪವೇನಲ್ಲ. ಒಬ್ಬ ಮೇಲ್ವಿಚಾರಕ ಕಾರ್ಮಿಕನ ಸಂಬಳದ ಚೀಟಿಯನ್ನು ಕೈಗೆತ್ತಿಕೊಂಡು, ‘ತಪ್ಪಾಗಿದೆ, ಇಂಥ ದಿನ ಸರಿಯಾಗುತ್ತದೆ’ ಎಂದು ಹೇಳಿ, ಹೇಳಿದಂತೆ ನಡೆದುಕೊಂಡಿದ್ದರೆ ಕಾರ್ಖಾನೆ ಉಳಿಯುತ್ತಿತ್ತು. ಗುತ್ತಿಗೆ ಸಂಸ್ಥೆಗಳ ಕಾಡಿನಲ್ಲಿ ಹಾಗೆ ಹೇಳಬಲ್ಲ ವ್ಯಕ್ತಿ ಸಿಗಲಿಲ್ಲ. ಬೀಡಿ ಬ್ರಾಂಚಿನ ಮುಂದೆ ನಿಂತ ಹೆಂಗಸಿನ ಸ್ಥಿತಿಗೂ ಐಫೋನ್ ಜೋಡಿಸುವ ಪದವೀಧರನ ಸ್ಥಿತಿಗೂ ಇಲ್ಲಿ ಹೆಚ್ಚು ಅಂತರವಿಲ್ಲ.

ಇದಕ್ಕೂ ಮೊದಲು, 2016ರ ಏಪ್ರಿಲ್‌ನಲ್ಲಿ, ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗಳ ಹೆಣ್ಣುಮಕ್ಕಳು ಹೊಸೂರು ರಸ್ತೆ, ತುಮಕೂರು ರಸ್ತೆಗಳಿಗೆ ಇಳಿದಿದ್ದರು. ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ಹಿಂಪಡೆಯುವಂತಿಲ್ಲ ಎಂಬ ಹೊಸ ನಿಯಮದ ವಿರುದ್ಧದ ಸಿಟ್ಟು ಅದು. ಯಾವ ದೊಡ್ಡ ಸಂಘಟನೆಯೂ ಅದಕ್ಕೆ ಕರೆ ಕೊಟ್ಟಿರಲಿಲ್ಲ. ನಿಯಮವನ್ನು ಕೇಂದ್ರ ಸರಕಾರ ಹಿಂತೆಗೆದುಕೊಂಡಿತು. ಹೊಲಿಗೆಯಂತ್ರಗಳ ಸಾಲಿನಲ್ಲಿ ವಾರಗಟ್ಟಲೆ ಹೊಗೆಯಾಡಿದ ಆತಂಕ ಮೇಲಿನ ಕೊಠಡಿಗೆ ತಲುಪಿರಲಿಲ್ಲ. ದಿನದ ಉತ್ಪಾದನೆ ಎಷ್ಟೆಂದು ಗಂಟೆಗೊಮ್ಮೆ ಹಲಗೆಯ ಮೇಲೆ ಬರೆಯುವ ವ್ಯವಸ್ಥೆಗೆ ಈ ಆತಂಕವನ್ನು ಬರೆದುಕೊಳ್ಳಲು ಜಾಗವಿರಲಿಲ್ಲ.

ಮೃದುತ್ವವಲ್ಲ, ಮಾಹಿತಿ

ಮಾನವ ಸಂಬಂಧವೆಂದೊಡನೆ ಹಲವರಿಗೆ ಹೊಳೆಯುವುದು ಹುಟ್ಟುಹಬ್ಬದ ಕೇಕು, ವಾರ್ಷಿಕ ಪ್ರವಾಸ. ಅವೆಲ್ಲ ಇರಲಿ. ಆದರೆ ಮುಖ್ಯಸ್ಥ ತನ್ನ ಜನರೊಂದಿಗೆ ಇರಿಸಿಕೊಳ್ಳುವ ಸಂಬಂಧದ ಮುಖ್ಯ ಪ್ರಯೋಜನವೆಂದರೆ, ಅಪ್ರಿಯವಾದ ಸತ್ಯ ಸಕಾಲದಲ್ಲಿ ಕೆಳಗಿನಿಂದ ಮೇಲಕ್ಕೆ ಬರುತ್ತದೆ. ಯಂತ್ರ ಸದ್ದು ಮಾಡುತ್ತಿದೆ, ಲೆಕ್ಕ ತಾಳೆಯಾಗುತ್ತಿಲ್ಲ, ಗ್ರಾಹಕ ಮುನಿದಿದ್ದಾನೆ, ಜತೆಯವನೊಬ್ಬ ಮಂಕಾಗಿದ್ದಾನೆ ಎಂಬ ಸುದ್ದಿಗಳು ಯಾವ ತಂತ್ರಾಂಶದಲ್ಲೂ ತಾವಾಗಿ ಮೂಡುವುದಿಲ್ಲ. ಹೇಳಿದರೆ ತನಗೆ ಕೇಡಾಗದು ಎಂಬ ನಂಬಿಕೆಯಿದ್ದವನು ಮಾತ್ರ ಹೇಳುತ್ತಾನೆ.

ಜಗತ್ತು ಇದನ್ನು ಬಹಳ ಹಿಂದೆಯೇ ಕಂಡುಕೊಂಡಿತ್ತು. ಅಮೆರಿಕದ ಶಿಕಾಗೊ ಬಳಿಯ ಹಾಥಾರ್ನ್ ಕಾರ್ಖಾನೆಯಲ್ಲಿ 1924ರಿಂದ 1932ರ ತನಕ ನಡೆದ ಪ್ರಯೋಗಗಳು ದೀಪದ ಬೆಳಕಿಗೂ ಉತ್ಪಾದನೆಗೂ ಇರುವ ಸಂಬಂಧ ಹುಡುಕಲು ಹೊರಟು, ಕಾರ್ಮಿಕರ ಮೇಲೆ ಗಮನವಿಡುವುದೇ ಅವರ ಕೆಲಸದ ಮೇಲೆ ಪರಿಣಾಮ ಬೀರುತ್ತದೆ ಎಂಬ ಚರ್ಚೆಗೆ ಬಂದು ನಿಂತವು. ಆ ಪ್ರಯೋಗಗಳ ವಿಧಾನದ ಬಗ್ಗೆ ಮುಂದೆ ಆಕ್ಷೇಪಗಳೆದ್ದವು. ಆದರೆ ಅಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಸಂದರ್ಶಿಸಿ ಅವರ ಅಹವಾಲು ಆಲಿಸಿದ ಕ್ರಮ ಆಡಳಿತಶಾಸ್ತ್ರದ ದಿಕ್ಕನ್ನೇ ಬದಲಿಸಿತು. ಇತ್ತೀಚಿನ ಉದಾಹರಣೆ ಗೂಗಲ್‌ನದು. ಮ್ಯಾನೇಜರುಗಳ ಅಗತ್ಯವೇ ಇಲ್ಲವೆಂದು ಭಾವಿಸಿದ್ದ ಎಂಜಿನಿಯರುಗಳ ಆ ಕಂಪನಿ 2008ರ ಹೊತ್ತಿಗೆ ಅಧ್ಯಯನ ಆರಂಭಿಸಿ, ಅವರ ಅಗತ್ಯ ಬಹಳವಿದೆ ಎಂಬ ತೀರ್ಮಾನಕ್ಕೆ ಬಂತು. ಒಳ್ಳೆಯ ಮ್ಯಾನೇಜರಿನ ಎಂಟು ಗುಣಗಳ ಪಟ್ಟಿಯಲ್ಲಿ ತಾಂತ್ರಿಕ ಪರಿಣತಿ ಕೊನೆಗೆ ನಿಂತಿತು. ಜನರನ್ನು ತಿದ್ದಿ ಬೆಳೆಸುವ ಗುಣ ಮೊದಲಿಗೆ ಬಂತು.

ನಮ್ಮದೇ ಕೇಂದ್ರ ಸರಕಾರದ 2024-25ರ ಆರ್ಥಿಕ ಸಮೀಕ್ಷೆ ಇದೇ ಮಾತನ್ನು ಹೇಳಿದೆ. ಮೇಲಧಿಕಾರಿಯೊಂದಿಗೆ ಸಂಬಂಧ ಹದಗೆಟ್ಟವರು ಹೆಚ್ಚು ದಿನ ಕೆಲಸ ಮಾಡಲಾಗದ ಸ್ಥಿತಿಗೆ ಬೀಳುತ್ತಾರೆ ಎಂಬ ಅಧ್ಯಯನವನ್ನು ಅದು ಉಲ್ಲೇಖಿಸಿದೆ. ಖಿನ್ನತೆ ಮತ್ತು ಆತಂಕದಿಂದ ಜಗತ್ತು ವರ್ಷಕ್ಕೆ 1,200 ಕೋಟಿ ದುಡಿಮೆಯ ದಿನಗಳನ್ನು ಕಳೆದುಕೊಳ್ಳುತ್ತಿದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. 70 ಗಂಟೆ, 90 ಗಂಟೆಗಳ ಲೆಕ್ಕ ಹಾಕುವವರು ಈ ನಷ್ಟವನ್ನೂ ಅದರಲ್ಲಿ ಕಳೆಯಬೇಕು.

ಅಡ್ಯನಡ್ಕದ ಪಾಠ

ಹಕ್ಕು ಮತ್ತು ಆಪ್ತತೆ ಒಟ್ಟಿಗೆ ಇರಬಲ್ಲವೇ? ಇದಕ್ಕೆ ಉತ್ತರ ಹುಡುಕಲು ಅಮೆರಿಕಕ್ಕೆ ಹೋಗಬೇಕಿಲ್ಲ. ವಾರಣಾಶಿ ಸುಬ್ರಾಯ ಭಟ್ಟರು ಬಂಟ್ವಾಳ ತಾಲೂಕಿನ ಅಡ್ಯನಡ್ಕದವರು. ಎಪ್ಪತ್ತರ ದಶಕದ ಆರಂಭದಲ್ಲಿ ಅಡಿಕೆಯ ಧಾರಣೆ ಕುಸಿದು ಬೆಳೆಗಾರ ಕಂಗಾಲಾದಾಗ, ಅವರು ಊರೂರು ಸುತ್ತಿ ಕರ್ನಾಟಕ ಮತ್ತು ಕೇರಳದ ಬೆಳೆಗಾರರನ್ನು ಒಗ್ಗೂಡಿಸಿದರು. 1973ರ ಜುಲೈ 11ರಂದು ಕ್ಯಾಂಪ್ಕೊ ಹುಟ್ಟಿತು. ಮುಂದೆ ಕೊಕ್ಕೊ ಕೊಳ್ಳುವವರಿಲ್ಲದೆ ರೈತರು ಗಿಡ ಕಡಿಯಹೊರಟಾಗ ಸಂಸ್ಥೆ ಖರೀದಿಗೆ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆಯನ್ನೇ ತೆರೆಯಿತು.

ಈ ಸಾಧನೆಯಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಅಧ್ಯಕ್ಷರಾದ ಭಟ್ಟರು ಸ್ವತಃ ಬೆಳೆಗಾರರು. ತೋಟದ ಭಾಷೆ ಬಲ್ಲವರು. ಧಾರಣೆ ಕುಸಿದ ಮನೆಯಲ್ಲಿ ಯಾವ ಮಾತು ನಡೆಯುತ್ತದೆ ಎಂಬುದು ಅವರಿಗೆ ವರದಿಯಿಂದ ತಿಳಿಯಬೇಕಿರಲಿಲ್ಲ. ಅಷ್ಟೇ ಮುಖ್ಯವಾದದ್ದು, ಎದುರಿಗೆ ಕುಳಿತ ರೈತ ಅವರ ಒಕ್ಕಲಾಗಿರಲಿಲ್ಲ, ಸಂಘದ ಪಾಲುದಾರನಾಗಿದ್ದ. ಪ್ರಶ್ನೆ ಕೇಳಲು, ಮಹಾಸಭೆಯಲ್ಲಿ ಎದ್ದುನಿಲ್ಲಲು, ಮತ ಹಾಕಲು ಆತನಿಗೆ ಹಕ್ಕಿತ್ತು. ಧಣಿಯ ಕಾಲದಲ್ಲಿ ಹಕ್ಕಿರಲಿಲ್ಲ, ಬೀಡಿ ಬ್ರಾಂಚಿನಲ್ಲಿ ಪರಿಚಯವಿರಲಿಲ್ಲ. ಸಹಕಾರಿಯಲ್ಲಿ ಇವೆರಡೂ ಕೂಡಿದ್ದರಿಂದ ಸಂಸ್ಥೆ ನಿಂತಿತು. ಎಲ್ಲ ಸಹಕಾರಿ ಸಂಘಗಳೂ ಹೀಗಿವೆಯೆಂದು ಹೇಳಲಾಗದು. ರಾಜಕೀಯ ಹೊಕ್ಕು ಸೊರಗಿದ ಸಂಘಗಳು ಬೇಕಾದಷ್ಟಿವೆ. ಅಲ್ಲೂ ಕೆಟ್ಟದ್ದು ಇದೇ ಕೊಂಡಿ.

ಇನ್ನು ಆಗಬೇಕಾದ್ದು

ಆಪ್ತತೆಯನ್ನು ಆದೇಶದಿಂದ ತರಲಾಗದು. ಆದರೆ ಅದು ಚಿಗುರಲು ಬೇಕಾದ ಜಾಗವನ್ನು ಒದಗಿಸಬಹುದು. ಮೊದಲನೆಯದಾಗಿ, ಒಬ್ಬ ಮೇಲ್ವಿಚಾರಕನ ಕೈಕೆಳಗೆ ಎಷ್ಟು ಜನರಿರಬೇಕು ಎಂಬುದಕ್ಕೆ ಮಿತಿ ಬೇಕು. ಇನ್ನೂರು ಜನರ ಹೆಸರನ್ನು ನೆನಪಿಡುವುದೇ ಕಷ್ಟ, ಅವರ ಅಹವಾಲು ಆಲಿಸುವ ಮಾತು ದೂರ. ಎರಡನೆಯದಾಗಿ, ಹೊರ ರಾಜ್ಯದಿಂದ ಬರುವ ಬ್ಯಾಂಕ್ ಅಧಿಕಾರಿಗೆ ಊರಿನ ಭಾಷೆ ಕಲಿಯಲು ಸಮಯವನ್ನೂ ತರಬೇತಿಯನ್ನೂ ಕೊಟ್ಟು, ಕಲಿತ ಮೇಲೆ ಒಂದಷ್ಟು ಕಾಲ ಅಲ್ಲೇ ಇರಗೊಡಬೇಕು. ಭಾಷೆ ಕಲಿಯುವಷ್ಟರಲ್ಲಿ ವರ್ಗ ಮಾಡುವುದು ಇಬ್ಬರಿಗೂ ಅನ್ಯಾಯ.

ಮೂರನೆಯದು ಕಾನೂನಿನ ಮಾತು. ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಸಂಸ್ಥೆಯಲ್ಲಿ, ಆಡಳಿತದ ಮತ್ತು ಕಾರ್ಮಿಕರ ಸಮಾನ ಪ್ರತಿನಿಧಿಗಳ ಕುಂದುಕೊರತೆ ಸಮಿತಿ ಇರಬೇಕು, ಅದರಲ್ಲಿ ಮಹಿಳೆಯರಿಗೆ ತಕ್ಕ ಸ್ಥಾನವಿರಬೇಕು, 30 ದಿನಗಳಲ್ಲಿ ದೂರು ಇತ್ಯರ್ಥವಾಗಬೇಕು ಎಂದು ಕೈಗಾರಿಕಾ ಸಂಬಂಧಗಳ ಸಂಹಿತೆ ಹೇಳುತ್ತದೆ. ಎಲ್ಲ ಕಾರ್ಮಿಕರಿಗೂ ನೇಮಕಾತಿ ಪತ್ರ ಕೊಡಬೇಕೆಂದು ಹೊಸ ಸಂಹಿತೆಗಳು ವಿಧಿಸಿವೆ. ಆ ಸಂಹಿತೆಗಳ ಬಗ್ಗೆ ಕಾರ್ಮಿಕ ಸಂಘಟನೆಗಳಿಗೆ ಗಂಭೀರ ಆಕ್ಷೇಪಗಳಿವೆ, ಅವು ಚರ್ಚೆಯಾಗಲಿ. ಆದರೆ ಇರುವ ಈ ಅವಕಾಶ ಕಾಗದದ ಮೇಲಿನ ಸಮಿತಿಯಾಗಿ ಮುಗಿಯದಂತೆ ನೋಡಿಕೊಳ್ಳುವುದು ಕಾರ್ಮಿಕ ಇಲಾಖೆಯ ಹೊಣೆ. ಗುತ್ತಿಗೆಯವರ ಅಹವಾಲನ್ನೂ ಮೂಲ ಸಂಸ್ಥೆಯೇ ಕೇಳಬೇಕು. ಇಲ್ಲವಾದರೆ ನರಸಾಪುರ ಮರುಕಳಿಸುತ್ತದೆ.

ನಾಲ್ಕನೆಯದು ಒಂದು ಎಚ್ಚರಿಕೆ. ಹೆಣ್ಣುಮಕ್ಕಳು ದುಡಿಯುವ ಜಾಗದಲ್ಲಿ ಆಪ್ತತೆ ಎಂಬ ಮಾತನ್ನು ದುರುಪಯೋಗಪಡಿಸಿಕೊಂಡವರಿದ್ದಾರೆ. 2013ರ ಲೈಂಗಿಕ ಕಿರುಕುಳ ತಡೆ ಕಾನೂನು ಬಂದದ್ದು ಆ ಅನುಭವದಿಂದಲೇ. ಮುಖ್ಯಸ್ಥರ ಕಾಳಜಿಗೆ ಗಡಿ ಇರಬೇಕು. ಸಿಬ್ಬಂದಿಯ ಖಾಸಗಿ ಬದುಕನ್ನು ಕೆದಕುವುದು ಕಾಳಜಿಯಲ್ಲ. ಹೇಳಿಕೊಂಡಾಗ ಕಿವಿಗೊಡುವುದು, ಹೇಳದಿದ್ದರೆ ಸುಮ್ಮನಿರುವುದು, ಹೇಳಿದ್ದನ್ನು ಮುಂದೆ ಅಸ್ತ್ರವಾಗಿ ಬಳಸದಿರುವುದು ಕಾಳಜಿ.

ಇದಕ್ಕೆ ಹಣವಿಲ್ಲ, ಸಮಯವಿಲ್ಲ ಎಂದು ಹೇಳುವ ಸಂಸ್ಥೆಗಳಿವೆ. ನುರಿತ ನೌಕರ ಬಿಟ್ಟುಹೋದಾಗ ಹೊಸಬನನ್ನು ಹುಡುಕಿ ಪಳಗಿಸುವ ವೆಚ್ಚವನ್ನು, ಕಾರ್ಖಾನೆ ನಿಂತ ದಿನಗಳ ನಷ್ಟವನ್ನು ಅವು ಪುಸ್ತಕದ ಬೇರೆ ಪುಟದಲ್ಲಿ ಬರೆಯುತ್ತವೆ. ಎರಡೂ ಪುಟಗಳನ್ನು ಒಟ್ಟಿಗಿಟ್ಟು ನೋಡಿದರೆ, ದಿನಕ್ಕೆ ಅರ್ಧ ಗಂಟೆ ತನ್ನ ಜನರ ನಡುವೆ ನಿಲ್ಲುವ ಮುಖ್ಯಸ್ಥನಿಗಿಂತ ಅಗ್ಗದ ವ್ಯವಸ್ಥೆ ಬೇರೊಂದಿಲ್ಲ ಎಂಬುದು ಮನದಟ್ಟಾಗುತ್ತದೆ.

ಕರಾವಳಿಯ ಜನ ಧಣಿಯ ಕೃಪೆಯಿಂದ ಹೊರಬರಲು ಬಹುಕಾಲ ಹೋರಾಡಿದ್ದಾರೆ; ಅಲ್ಲಿಗೆ ಮರಳಬೇಕೆಂದು ಯಾರೂ ಬಯಸುವುದಿಲ್ಲ. ಆದರೆ ಮುಖವಿಲ್ಲದ ಕಂಪನಿ, ಗುತ್ತಿಗೆದಾರ, ತಂತ್ರಾಂಶಗಳ ಕೈಗೆ ಬದುಕನ್ನು ಒಪ್ಪಿಸುವುದಕ್ಕಾಗಿಯೂ ಅವರು ಹೋರಾಡಿದ್ದಲ್ಲ. ವಾರಕ್ಕೆ ಎಷ್ಟು ಗಂಟೆ ಎಂಬ ಚರ್ಚೆಯನ್ನು ಮುಂದುವರಿಸುವವರು, ಆ ಗಂಟೆಗಳಲ್ಲಿ ನೌಕರನೊಬ್ಬ ಭಯವಿಲ್ಲದೆ ಮಾತನಾಡಬಹುದಾದ ಹಿರಿಯರೊಬ್ಬರು ಅವನ ಕಚೇರಿಯಲ್ಲಿದ್ದಾರೆಯೇ ಎಂಬುದನ್ನೂ ಇನ್ನು ಮುಂದೆ ಕೇಳಲಿ.